ಮುರುಮದ ಹೊಸ ಭಾವ

ನಾನು ಸಂಶಯದ ಪ್ರಾಣಿ. ಇದನ್ನು ನನ್ನ ಹೆಂಡತಿ ನೀಲಮ್ಮ ಹೇಳುವ ಮೊದಲು ನಾನೇ ಹೇಳಿಬಿಡುವುದು ಮರ್ಯಾದೆ. ಭೂಕಂಪವಾದ ಮೇಲೆ ಮಹಾರಾಷ್ಟ್ರದ ಗಡಿಯ ನಮ್ಮ ಉಮರಗಾ ಕಡೆಯವರು ಹೊಸ ಮನೆಗೆ ಹೋದರೆ ಗೋಡೆ ತಟ್ಟಿ ನೋಡಿಯೇ ಕೂಡುತ್ತಾರೆ. ನಾನು ಮನೆಯವರನ್ನೂ ತಟ್ಟಿ ನೋಡುತ್ತೇನೆ. ಹಾಲಿನವನು ನಕ್ಕರೆ ಹಾಲಿಗೆ ನೀರು ಬಿದ್ದಿದೆ ಎಂದುಕೊಳ್ಳುತ್ತೇನೆ. ನಗದಿದ್ದರೆ, ನನಗೆ ಗೊತ್ತಾಗಿದೆ ಎಂಬುದು ಅವನಿಗೂ ಗೊತ್ತಾಗಿದೆ ಎಂದುಕೊಳ್ಳುತ್ತೇನೆ. ಶಾಲೆಯಲ್ಲಿ ಕನ್ನಡ ವ್ಯಾಕರಣ ಕಲಿಸುತ್ತಲೇ ಮುದುಕನಾದವನಿಗೆ ತಪ್ಪು ಹುಡುಕುವ ಚಟ ಹೋಗುವುದಾದರೂ ಹೇಗೆ? ಮನೆಯೊಳಗೆ ಕನ್ನಡಕ್ಕೆ ಮರಾಠಿ ಬೆರೆಸಬಾರದು ಎಂಬ ಕಾನೂನನ್ನೂ ನಾನೇ ಮಾಡಿದ್ದೆ. ಅದನ್ನು ಪಾಲಿಸುತ್ತಿದ್ದವನು ನಾನೊಬ್ಬನೇ.

ನಿವೃತ್ತನಾದ ಮೇಲೆ ನನ್ನ ಮಾನ ಉಳಿಸಿದವನು ನೀಲಮ್ಮನ ತಮ್ಮ ಮಲ್ಲಿಕಾರ್ಜುನ. ಮಸ್ಕತ್ತಿನ ಅಂಗಡಿಯೊಂದರಲ್ಲಿ ಕೆಲಸಕ್ಕೆಂದು ಹೋದವನು ಈಗ ಅಲ್ಲಿ ಸ್ವಂತ ಅಂಗಡಿ ಇಟ್ಟಿದ್ದಾನೆ. ಇಲ್ಲಿಂದ ಕಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ ಚಟ್ನಿ ಅಲ್ಲಿಗೆ; ಅಲ್ಲಿಂದ ಖಜೂರ ಇಲ್ಲಿಗೆ. ಪಕ್ಕದ ದಾಳಿಂಬ ಹಳ್ಳಿಯಿಂದ ಬರುವ ಹೆಂಗಸರು ನಮ್ಮ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ರೊಟ್ಟಿ ಬಡಿಯುತ್ತಾರೆ. ನಾನು ಇಲ್ಲಿಯ ಕಾರಭಾರಿ. ರೊಟ್ಟಿ ಗರಿಗರಿಯಾಗಿದೆಯೋ ಇಲ್ಲವೋ ಎಂದು ನೋಡುವುದು ನನ್ನ ಜವಾಬ್ದಾರಿ. ಗರಿಗರಿಯನ್ನು ಕಣ್ಣಿನಿಂದ ನೋಡಲು ಬರುವುದಿಲ್ಲವಲ್ಲ, ಕಟ್ಟಿಗೊಂದರಂತೆ ಹಲ್ಲಿನಿಂದ ನೋಡುತ್ತೇನೆ. ಬಜಾರದಲ್ಲಿ ಜನ ‘ಮಾಸ್ತರ’ ಬಿಟ್ಟು ‘ಸಾವಕಾರ್ರ’ ಎನ್ನತೊಡಗಿದ ದಿನವೇ ಹೊಸ ಚಪ್ಪಲಿ ಕೊಂಡಿದ್ದೆ.

ಒಂದು ಮಧ್ಯಾಹ್ನ ನೀರು ಕುಡಿಯಲೆಂದು ಅಡುಗೆಮನೆಯ ಬಾಗಿಲಿಗೆ ಬಂದೆ. ಒಳಗೆ ನೀಲಮ್ಮನ ಫೋನಿನಿಂದ ಮಲ್ಲಿಕಾರ್ಜುನನ ದನಿ ಕೇಳಿತು.

“ಅಕ್ಕಾ, ಈ ಭಾವ ಇನ್ನ ನಡಿಯಂಗಿಲ್ಲ. ಲಗೂನೆ ಹೊಸಾ ಭಾವ ನೋಡು.”

“ನಂಗೂ ಹಂಗೇ ಅನಸ್ತದಪಾ,” ಎಂದಳು ನನ್ನ ಧರ್ಮಪತ್ನಿ. “ಎಷ್ಟ ದಿನಾ ಅಂತ ಇದನ್ನೇ ಹಿಡ್ಕೊಂಡ ಕೂಡೋದು? ಮುರುಮದಾಗ ಛಲೋ ಭಾವ ಅದ ಅಂತ.”

ಮಲ್ಲಿಕಾರ್ಜುನ ನನ್ನನ್ನು ಕರೆಯುವುದೇ ‘ಭಾವಾ’ ಎಂದು. ಪಕ್ಕದ ಊರು ಮುರುಮದಲ್ಲಿ ನನಗಿಂತ ಛಲೋ ಭಾವನನ್ನು ಹೆಂಡತಿಯೇ ನೋಡಿಟ್ಟಿದ್ದಾಳೆ! ಕಾರಭಾರ ಹೋಯಿತು, ಸಾವಕಾರ್ಕಿ ಹೋಯಿತು. ಇನ್ನು ಊರ ಅಗಸಿಯ ಕಟ್ಟೆಯ ಮೇಲೆ ಕೂತು ಬಸ್ಸು ಎಣಿಸುವುದೊಂದೇ ಬಾಕಿ. ನಿಜ ಹೇಳುತ್ತೇನೆ, ಅಳು ಬಂದಿತ್ತು. ಅಳುವಿನ ನಡುವೆಯೂ ವ್ಯಾಕರಣ ಚುಚ್ಚಿತು. ‘ಇದನ್ನೇ’ ಅಂತೆ! ನನ್ನನ್ನು ನಪುಂಸಕಲಿಂಗಕ್ಕೆ ಇಳಿಸಿಬಿಟ್ಟಿದ್ದರು.

ಮರುದಿನ ನೀಲಮ್ಮ, “ಮುರುಮಕ್ಕ ಹೋಗಿ ಬರ್ತೀನ್ರಿ,” ಎಂದಳು.

“ನಾನೂ ಬರ್ತೀನಿ,” ಎಂದೆ.

“ನೀವ್ಯಾಕ್ರಿ ಬಿಸಲಾಗ?”

ಅವಳ ಈ ಕಾಳಜಿಯೇ ನನ್ನ ಸಂಶಯವನ್ನು ಗಟ್ಟಿ ಮಾಡಿತು. ಆಟೋದಲ್ಲಿ ಪಕ್ಕಕ್ಕೆ ಕೂತ ಗಂಡಸರನ್ನೆಲ್ಲ ‘ಇವನೋ ಅವನೋ’ ಎಂದು ದುರುಗುಟ್ಟಿ ನೋಡುತ್ತ ಹೋದೆ. ನೀಲಮ್ಮ ನೇರವಾಗಿ ಒಂದು ಅಡತ್ ದಲಾಲಿ ಅಂಗಡಿಯ ಮೆಟ್ಟಿಲು ಹತ್ತಿದಳು. ಗಾದಿಯ ಮೇಲೆ ಹಣೆ ತುಂಬ ವಿಭೂತಿ ಬಳಿದ, ನನಗಿಂತ ಹತ್ತು ವರ್ಷ ಚಿಕ್ಕವನಾದ, ಹಲ್ಲೆಲ್ಲ ಗಟ್ಟಿಯಿದ್ದ ಒಬ್ಬ ಸಾವಕಾರ ಕೂತಿದ್ದ. ಇವನೇ! ನಾನು ಎದೆ ಸೆಟೆಸಿ ನಿಂತೆ.

ನೀಲಮ್ಮ ಅವನನ್ನು ಮರಾಠಿಯಲ್ಲಿ ಕೇಳಿದಳು: “ಜ್ವಾರೀಚಾ ಭಾವ ಕಾಯ್?”

ಜೋಳದ ಭಾವ, ಅಂದರೆ ಧಾರಣೆ, ಎಷ್ಟು ಎಂದು. ಉಮರಗಾದಲ್ಲಿ ಜೋಳ ತುಟ್ಟಿಯಾಗಿತ್ತು. ಅಕ್ಕತಮ್ಮಂದಿರು ಮುರುಮದ ಭಾವ ಹುಡುಕುತ್ತಿದ್ದರು. ಸಂತೆಯಲ್ಲಿ ದಿನಕ್ಕೆ ಹತ್ತು ಸಲ ನಾನೇ ಆಡುವ ಮಾತು. ನನ್ನ ಮನೆಯಲ್ಲಿ ಮಾತ್ರ ಅದು ಶುದ್ಧ ಕನ್ನಡವಾಗಿ ನನ್ನ ಮೈಮೇಲೆ ಬಿದ್ದಿತ್ತು. ಮಕ್ಕಳಿಗೆ ಲಿಂಗ ನೋಡಿ ಅರ್ಥ ಮಾಡಿರೋ ಎಂದು ಬಡಿದು ಕಲಿಸಿದವನು ಲಿಂಗ ನೋಡಿ ಸಿಟ್ಟು ಮಾಡಿಕೊಂಡಿದ್ದೆ. ಆ ಸಾವಕಾರನಿಗೆ ನಾನೇ ಮೊದಲು ಕೈಮುಗಿದೆ.

ಸಂಜೆ ನೆಮ್ಮದಿಯಿಂದ ಹೊಸ ಕಟ್ಟು ಬಿಚ್ಚಿ ಗರಿಗರಿ ನೋಡುತ್ತಿದ್ದಾಗ ಮಲ್ಲಿಕಾರ್ಜುನನ ಫೋನು ಬಂತು.

“ಭಾವಾ, ಒಂದ ಗುಟ್ಟಿನ ಮಾತ್ರಿ. ಕಟ್ಟಿಗೊಂದ ರೊಟ್ಟಿ ಕಡಿಮಿ ಬರ್ಲಿಕತ್ಯಾವ. ದಾರ್ಯಾಗ ಯಾರೋ ತಿನ್ಲಿಕತ್ತಾರ. ಕಳ್ಳನ್ನ ಹಿಡೀಲಿಕ್ಕ ನಿಮ್ಮಂಥಾ ಸಂಶಯದ ಮನಷ್ಯಾನೇ ಬೇಕ್ರಿ.”

ಬಾಯಲ್ಲಿದ್ದುದನ್ನು ನುಂಗಿ, “ಬಿಡಂಗಿಲ್ಲಪಾ, ಹಿಡೀತೀನಿ,” ಎಂದೆ.

ನೀಲಮ್ಮ ನನ್ನ ಧೋತರದ ಮೇಲಿನ ರೊಟ್ಟಿಯ ಪುಡಿ ಕೊಡವಿ, ಏನೂ ಅನ್ನದೆ ಒಳಗೆ ಹೋದಳು. ಆಕೆ ಯಾಕೆ ಏನೂ ಅನ್ನಲಿಲ್ಲ ಎಂಬುದೇ ಈಗ ನನ್ನ ಸಂಶಯ.