ಬೊಟ್ಟಿಟ್ಟುಕೊಂಡ ಸ್ಮಾರ್ಟ್ ಬೋರ್ಡಿಗೆ ಒಂದು ಅಹವಾಲು

ನಾವು ಬಿ.ಎಡ್. ವಿದ್ಯಾರ್ಥಿಗಳು ಪಾಠ ಮಾಡಲು ಕಲಿಯುವ ನಾಪೋಕ್ಲು ಕಡೆಯ ಶಾಲೆಯ ಎಂಟನೇ ತರಗತಿಯ ಗೋಡೆಯನ್ನು ಅಲಂಕರಿಸಿರುವ ಮಾನ್ಯ ಸ್ಮಾರ್ಟ್ ಬೋರ್ಡ್ ಅವರೇ,

ತಮಗೆ ಪಾದಗಳಿದ್ದಿದ್ದರೆ ಅವುಗಳಿಗೆ ಎರಗುತ್ತಿದ್ದೆ. ಇಲ್ಲದಿರುವುದರಿಂದ ತಮ್ಮ ಪ್ಲಗ್ಗಿಗೇ ಕೈಮುಗಿದು, ಶಿರಂಗಾಲದ ರೈತರ ಮಗಳೂ ಬಿ.ಎಡ್. ಎರಡನೇ ವರ್ಷದ ವಿದ್ಯಾರ್ಥಿನಿಯೂ ಆದ ದಿವ್ಯಶ್ರೀ ಬರೆದುಕೊಳ್ಳುತ್ತಿದ್ದೇನೆ. ತಾವು ಕ್ಷೇಮವೆಂದು ಬಲ್ಲೆ. ಹೂವಿನಂಚಿನ ಬಟ್ಟೆ ಹೊದಿಸಿ, ಯಾರೂ ಮುಟ್ಟದಂತೆ ಮುಖ್ಯ ಶಿಕ್ಷಕಿ ವಿಶಾಲಾಕ್ಷಮ್ಮನವರು ಕಾಯುತ್ತಿರುವಾಗ ತಮಗೆ ಬಾಧೆ ಎಲ್ಲಿಂದ ಬಂದೀತು?

ತಂತ್ರಜ್ಞಾನದಲ್ಲಿ ನಾನು ಹಿಂದುಳಿದವಳೆಂದು ತಾವು ಭಾವಿಸಬಾರದು. ನಮ್ಮ ಕಾಲೇಜಿನಲ್ಲಿ ಶಿವಪ್ರಕಾಶ್ ಸರ್ ಕಂಪ್ಯೂಟರನ್ನು ಕಪ್ಪು ಹಲಗೆಯ ಮೇಲೆ ಬಿಡಿಸಿಯೇ ಕಲಿಸಿದರು. ನಾನು ಬಿಡಿಸಿದ ಮೌಸಿನ ಚಿತ್ರಕ್ಕೆ, ಅದರ ಬಾಲಕ್ಕೆ ಕೊಟ್ಟ ಶೇಡಿಂಗಿಗೂ ಸೇರಿಸಿ, ಪೂರ್ಣ ಅಂಕ ಬಂದಿತ್ತು. ಇನ್ನು ತಮ್ಮೆದುರು ತೋರುಬೆರಳು ಚಾಚಿ, ಮುಗುಳ್ನಕ್ಕು, ಫೋಟೋಗೆ ನಿಲ್ಲುವ ವಿದ್ಯೆಯಲ್ಲಂತೂ ನಮ್ಮ ಬ್ಯಾಚಿಗೆ ಸರಿಸಾಟಿಯಿಲ್ಲ. ಆ ಫೋಟೋಗಳ ಪ್ರಕಾರ ತಾವು ದಿನವೂ ಪಾಠ ಮಾಡುತ್ತೀರಿ.

ಆದರೂ ನನಗೊಂದು ದುರಾಸೆ ಹುಟ್ಟಿತು. ಹೃದಯ ಬಡಿಯುವುದನ್ನು ತೋರಿಸುತ್ತೇನೆಂದು ಮಕ್ಕಳಿಗೆ ಮಾತು ಕೊಟ್ಟು, ಅದರ ವಿಡಿಯೋವನ್ನು ಅಂಗಡಿಯಲ್ಲಿ ಪೆನ್ ಡ್ರೈವಿಗೆ ಹಾಕಿಸಿಕೊಂಡು, ನಿನ್ನೆ ಪರೀಕ್ಷಾ ಪಾಠಕ್ಕೆ ಬಂದೆ. ಪರೀಕ್ಷಕರಾದ ದೇವರಾಜು ಸರ್ ಎದುರಿಗೇ ಕುಳಿತಿದ್ದರಿಂದ ಬೇರೆ ದಾರಿಯಿಲ್ಲದೆ ವಿಶಾಲಾಕ್ಷಮ್ಮನವರು, "ಹುಷಾರು ಕಣಮ್ಮ, ಏನಾದ್ರೂ ಆದ್ರೆ ನನ್ ತಲೆಗೇ ಬರುತ್ತೆ" ಎಂದು ಪಿಸುಗುಟ್ಟುತ್ತ ಬೀರುವಿನಿಂದ ರಿಮೋಟ್ ತೆಗೆದುಕೊಟ್ಟರು. ಒತ್ತಿದೆ, ತಾವು ಕದಲಲಿಲ್ಲ. ರಿಮೋಟನ್ನು ಗುರುತಿಸುವ ತಮ್ಮ ಪುಟ್ಟ ಕಣ್ಣಿನ ಮೇಲೇ ಆಯುಧಪೂಜೆಯಂದು ಸರಿಯಾಗಿ ಮೆತ್ತಿದ್ದ ಗಂಧ ಕುಂಕುಮವನ್ನು ಸೆರಗಿನಿಂದ ಒರೆಸಿದ ಮೇಲೆ ಎಚ್ಚರಗೊಂಡಿರಿ. ಮಕ್ಕಳು ಚಪ್ಪಾಳೆ ತಟ್ಟಿದರು. ಆಗ, ದಿನವೂ ಪಾಠ ಮಾಡುವ ತಾವು, ಪರೀಕ್ಷಕರ ಮುಂದೆ ದೊಡ್ಡಕ್ಷರದಲ್ಲಿ ಬರೆದುಕೊಂಡಿರಿ: ಮೊದಲ ಬಳಕೆಗೆ ಸ್ವಾಗತ, ನಿಮ್ಮ ಭಾಷೆಯನ್ನು ಮುಟ್ಟಿ ಆರಿಸಿ.

ವಿಶಾಲಾಕ್ಷಮ್ಮನವರ ಮುಖ ಬಿಳಿಚಿತು. ಮುಟ್ಟಲು ಹೋದ ನನ್ನ ತೋರುಬೆರಳು ಫೋಟೋದ ಅಭ್ಯಾಸಬಲದಿಂದ ಗೇಣು ದೂರದಲ್ಲೇ ನಿಂತುಬಿಟ್ಟಿತು, ಮುಗುಳ್ನಗೆಯೂ ತಾನಾಗಿ ಬಂತು. ಕಳೆದ ವರ್ಷ ಆ ಫೋಟೋಗಳನ್ನು ಮೆಚ್ಚಿ ವರದಿ ಬರೆದಿದ್ದ ದೇವರಾಜು ಸರ್ ಗಂಟಲು ಸರಿಮಾಡಿಕೊಂಡು, "ಹಾಗೇ ಇರಿ" ಎಂದವರೇ ಒಂದು ಫೋಟೋ ತೆಗೆದು, ತಂತ್ರಜ್ಞಾನ ಕೌಶಲಕ್ಕೆ ಪೂರ್ಣ ಅಂಕ ಕೊಟ್ಟು, ಪಾಠವನ್ನು ಅಲ್ಲಿಗೇ ಮುಗಿಸಿದರು. ಹೊರಗೆ ಲಿಖಿತಾ ಎಂಬ ಹುಡುಗಿ, "ಟೀಚರ್, ಹೃದಯ ನಾಳೆ ಬಡೀತದಾ?" ಎಂದು ಕೇಳಿದಾಗ, ಸ್ವಾಮಿ, ನನಗೆ ನಾಚಿಕೆಯಾಯಿತು. ಪೆನ್ ಡ್ರೈವನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡೆ.

ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ ಗೋಡೆಯಿಂದ ಇಳಿದು, ಸಿಕ್ಕ ಬಸ್ಸು ಹಿಡಿದು ನಮ್ಮ ಕಾಲೇಜಿಗೆ ಬಂದು, ನಮ್ಮನ್ನೂ ನಮ್ಮ ಗುರುಗಳನ್ನೂ ಮುಂದಿನ ಬೆಂಚಿನಲ್ಲಿ ಕೂರಿಸಿ ಒಂದಿಷ್ಟು ಕಲಿಸಬೇಕು. ಅದಾಗದಿದ್ದರೆ, ಮುಂದಿನ ಸಲ ಫೋಟೋ ತೆಗೆಯುವಾಗ ಮುಖವನ್ನಾದರೂ ಗೋಡೆಗೆ ತಿರುಗಿಸಿಕೊಳ್ಳಬೇಕು.

ಮುಟ್ಟದೆಯೇ ಪೂರ್ಣ ಅಂಕ ಗಳಿಸಿದ,
ತಮ್ಮ ವಿಶ್ವಾಸಿ,
ದಿವ್ಯಶ್ರೀ

ತಾ.ಕ.: ತಮ್ಮನ್ನು ಆಫ್ ಮಾಡುವುದು ಹೇಗೆಂದು ಯಾರಿಗೂ ತಿಳಿಯದೆ ನಿನ್ನೆ ಹಾಗೇ ಬಟ್ಟೆ ಹೊದಿಸಿ ಹೋಗಿದ್ದರು. ಈಗ ನೋಡಿದರೆ ತಾವು ಬಟ್ಟೆಯೊಳಗಿಂದಲೇ ಹೊಳೆಯುತ್ತ ಭಾಷೆ ಕೇಳುತ್ತಿದ್ದೀರಿ. ಮಕ್ಕಳು ಕಿಟಕಿಗೆ ಮುತ್ತಿಕೊಂಡು ಕನ್ನಡ, ಕೊಡವ ತಕ್ಕ್, ಅರೆಭಾಷೆ, ಮಲಯಾಳಂ ಎಂದು ಪೈಪೋಟಿಯಲ್ಲಿ ಕೂಗಿ ಹೇಳುತ್ತಿದ್ದಾರೆ. ಒಬ್ಬರೂ ಒಳಗೆ ಬಂದು ಮುಟ್ಟುತ್ತಿಲ್ಲ. ಇಷ್ಟನ್ನಂತೂ ಅವರಿಗೆ ನಾವು ಚೆನ್ನಾಗಿ ಕಲಿಸಿದ್ದೇವೆ.