ಅರವತ್ತು ತಲೆಮಾರಿಗೆ ಒಂದೇ ಸಾಲು

ಮೇನ್‌ಫ್ರೇಮ್ ಎಂಬ ಕಪಾಟಿನಂಥ ಹಳೆಯ ಕಂಪ್ಯೂಟರಿನ ಜೊತೆ ನಾನು ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ್ದೇನೆ. ಅದು ಇರುವುದು ಮುಂಬೈಯ ಒಂದು ವಿಮಾ ಕಂಪನಿಯಲ್ಲಿ. ನಾನಿರುವುದು ಕಾರವಾರದ ಕೋಡಿಬಾಗದಲ್ಲಿ, ಮನೆಯಿಂದಲೇ ಕೆಲಸ. ಹೊಸಬರಿಗೆ ಪಾಠ ಹೇಳುವವನೂ ನಾನೇ. ಹಾಗಾಗಿ ಒಂದು ಶುಕ್ರವಾರ ಮ್ಯಾನೇಜರು ತೀರಾ ಸುಲಭದ ಒಂದು ಕೆಲಸ ಕೊಟ್ಟಾಗ ನನಗೆ ನಗು ಬಂತು.

ಗ್ರಾಹಕರ ವಿವರ ಬದಲಾದದ್ದನ್ನು ಆ ಯಂತ್ರ ತಿಂಗಳಿಗೊಂದು ಫೈಲಿನಲ್ಲಿ ಇಡುತ್ತದೆ. ಎಲ್ಲ ಫೈಲಿಗೂ ಒಂದೇ ಮನೆತನದ ಹೆಸರು, ಕೊನೆಗೆ ತಲೆಮಾರಿನ ನಂಬರು. ಐದು ವರ್ಷದ ಅರವತ್ತು ತಲೆಮಾರುಗಳನ್ನು ಹಳೆಯದರಿಂದ ಹೊಸದಕ್ಕೆ ಜೋಡಿಸಿ ಒಂದೇ ಫೈಲ್ ಮಾಡಬೇಕು. ಒಬ್ಬರ ಹೆಸರು ಎರಡು ಸಲ ಬಂದರೆ ಕೊನೆಗೆ ಬಂದದ್ದೇ ನಿಜ.

ಅದಕ್ಕೆ ಫೈಲಿಗೊಂದರಂತೆ, ಕ್ರಮವಾಗಿ ಅರವತ್ತು ಸಾಲು ಬರೆಯಬೇಕು. ಮೂರನೇ ಸಾಲಿಗೆ ಅಡಿಗೆಮನೆಯಿಂದ ಬಂಗಡೆ ಮೀನು ಹುರಿಯುವ ವಾಸನೆ ಬಂತು.

"ಬಿಸಿ ಇರ್ತಾ ಬನ್ನಿ. ಆಮೇಲೆ ತಣ್ಣಗಾಯ್ತು ಹೇಳಿ ನನಗೆ ಹೇಳ್ಬೇಡಿ," ಎಂದಳು ಹೆಂಡತಿ ಸುನಂದಾ.

ನಂಬರು ಬಿಟ್ಟು ಬರೀ ಮನೆತನದ ಹೆಸರು ಬರೆದರೆ ಯಂತ್ರ ಅಷ್ಟೂ ತಲೆಮಾರನ್ನು ತಾನೇ ಎತ್ತಿಕೊಳ್ಳುತ್ತದೆ. ಅರವತ್ತು ಸಾಲಿನ ಜಾಗದಲ್ಲಿ ಒಂದೇ ಸಾಲು! ಬರೆದೆ, ಓಡಿಸಿದೆ, ಕೈ ತೊಳೆದು ಎಲೆಯ ಮುಂದೆ ಕುಳಿತೆ.

"ಇಷ್ಟು ಬೇಗ ಆಯ್ತಾ? ಒಂದ್ಸಲ ತೆಗೆದು ನೋಡಿದ್ರಾ?"

"ಅನುಭವ ಅಂದ್ರೆ ಎಂತದು ಹೇಳಿ ತಿಳ್ಕಂಡಿದ್ಯೆ?" ಎಂದೆ.

ಮೂರು ವಾರದ ಮೇಲೆ ಅಂಕೋಲೆಯಿಂದ ಅಕ್ಕನ ಫೋನು ಬಂತು.

"ತಮ್ಮಾ, ನಿನ್ನ ಭಾವಂಗೆ ಮತ್ತೆ ನಿಮ್ಮ ಕಂಪನಿ ಕಾಗದ ಬಂದದೆ."

ಭಾವ ತೀರಿಕೊಂಡು ಎರಡು ವರ್ಷವಾಗಿತ್ತು. ಮೊದಲ ವರ್ಷ ನಮ್ಮ ಕಂಪನಿಯಿಂದ ಅವರ ಹೆಸರಿಗೆ ಹುಟ್ಟುಹಬ್ಬದ ಶುಭಾಶಯ ಬಂದಾಗ ಅಕ್ಕ ಎರಡು ದಿನ ಊಟ ಬಿಟ್ಟಿದ್ದಳು. ಆಗ ನಾನೇ ಮುಂಬೈಗೆ ಹೇಳಿ ಅವರ ಮರಣ ದಾಖಲು ಮಾಡಿಸಿದ್ದೆ. "ಇನ್ನು ಬರೂದಿಲ್ಲ ಅಕ್ಕಾ, ನಾನಿದ್ದೇನಲ್ಲ," ಎಂದು ಮಾತು ಕೊಟ್ಟಿದ್ದೆ.

ಫೋನು ಹಿಡಿದಿರುವಾಗಲೇ ನೆನಪಾಯಿತು. ನಂಬರು ಬಿಟ್ಟರೆ ಯಂತ್ರ, ಮನೆಯ ಹಳೆ ಪೇಪರಿನ ಒಟ್ಟಿಲಿನಿಂದ ತೆಗೆದ ಹಾಗೆ, ಮೇಲಿನ ಹೊಸದನ್ನು ಮೊದಲು, ಅಡಿಯ ಹಳೆಯದನ್ನು ಕೊನೆಗೆ ಎತ್ತುತ್ತದೆ. ಕೊನೆಗೆ ಬಂದದ್ದೇ ನಿಜ. ಹೀಗೆ ಮನೆ ಬದಲಿಸಿದವರು ಹಳೆ ಮನೆಗೆ ಮರಳಿದರು. ಮದುವೆಯಾದ ಹೆಣ್ಣುಮಕ್ಕಳು ತವರು ಸೇರಿದರು. ಸತ್ತವರು ಎದ್ದು ಕುಳಿತರು. ಹೊಸಬರಿಗೆ ಈ ನಿಯಮವನ್ನು ಮೊದಲ ದಿನವೇ ಕಲಿಸುವ ಪುಣ್ಯಾತ್ಮ ನಾನೇ.

ಮ್ಯಾನೇಜರಿಗೆ ಫೋನಿನಲ್ಲೇ ತಪ್ಪೊಪ್ಪಿಕೊಂಡು ಬಸ್ಸು ಹತ್ತಿದೆ. ಅವರ್ಸಾ ದಾಟುವವರೆಗೂ ಅಕ್ಕನಿಗೆ ಹೇಳಲು ಒಂದು ಒಳ್ಳೆಯ ಸುಳ್ಳು ಹುಡುಕಿದೆ. ಸಿಗಲಿಲ್ಲ.

ಕಾಗದ ಭಾವನ ಫೋಟೋದ ಮುಂದಿತ್ತು. 'ನಿಮಗೆ ದೀರ್ಘಾಯುಷ್ಯ ಲಭಿಸಲಿ.'

"ಯಾರೋ ಪಾಪ ಗಡಿಬಿಡಿಲಿ ತಪ್ಪು ಮಾಡಿರ್ಬೇಕು," ಎಂದಳು ಅಕ್ಕ. ಅವಳ ಕಣ್ಣು ಬಾತಿತ್ತು. "ಬೈಬೇಡ ಅವಂಗೆ."

"ಅವನು ನಾನೇ ಅಕ್ಕಾ." ಅರವತ್ತು ಸಾಲಿನ ಕತೆಯನ್ನೆಲ್ಲ ಹೇಳಿದೆ. ಬಂಗಡೆಯನ್ನೂ ಬಿಡಲಿಲ್ಲ.

ಅಕ್ಕ ಕಾಗದವನ್ನು ಮಡಚಿ ಫೋಟೋದ ಹಿಂದಿಟ್ಟಳು. "ಶಾಲೆಲಿ ನಿನ್ನ ಶುದ್ಧಬರಹ ಬರೆದು ಕೊಡ್ತಿದ್ದದ್ದು ಯಾರು? ಬೇಜಾರು ಬಂದ್ರೆ ನನಗೆ ಹೇಳ್ಬೇಕಿತ್ತು. ಅರವತ್ತು ಸಾಲಲ್ಲನಾ, ನಾನೇ ಬರ್ಕೊಡ್ತಿದ್ದೆ."

ಅವಳು ಬೈದಿದ್ದರೆ ಚೆನ್ನಾಗಿತ್ತು.

ಮನೆಗೆ ಬಂದು ಕುಳಿತು ಅರವತ್ತೂ ಸಾಲು ಬರೆದೆ, ಒಂದೊಂದಕ್ಕೂ ನಂಬರು ಹಾಕಿ. ಈ ಸಲ ಫೈಲು ತೆಗೆದು ನೋಡಿದೆ. ಭಾವ ಇನ್ನೊಮ್ಮೆ ತೀರಿಕೊಂಡಿದ್ದರು, ನನ್ನ ಕೈಯಿಂದಲೇ. ಅನುಭವಸ್ಥನಾದ ನಾನು ಆ ಶುಕ್ರವಾರ ಸರಿಯಾಗಿ ಮಾಡಿದ ಕೆಲಸ ಒಂದೇ: ಬಂಗಡೆಯನ್ನು ತಣ್ಣಗಾಗಲು ಬಿಡಲಿಲ್ಲ.