ಎಲ್ಲಕ್ಕೂ ಒಗ್ಗುವ ಬಾರ್ಬೆರಾ

ಪ್ಲೇಟಣ್ಣನ ಫಜೀತಿಗೆಲ್ಲ ಕಾರಣ ಒಂದು ಕೋಟು. ಹೋಟೆಲಿನ ಯಜಮಾನರು ಅದನ್ನು ಹೊಲಿಸಿ ತಂದು ಗಲ್ಲಾಪೆಟ್ಟಿಗೆಯ ಹಿಂದೆ ನೇತುಹಾಕಿದ್ದರು. ಯಾವ ಊಟಕ್ಕೆ ಯಾವ ವೈನ್ ಸರಿಹೋಗುತ್ತದೆಂದು ಗಿರಾಕಿಗಳಿಗೆ ಹೇಳಲು ಒಬ್ಬ ಸಲಹೆಗಾರ ಬೇಕಂತೆ. ಕೋಟು ತೊಟ್ಟವನು ತಟ್ಟೆ ಹೊರುವಂತಿಲ್ಲ, ಮಾತಾಡಿದರೆ ಸಾಕು! ಅರ್ಧ ಆಯುಷ್ಯ ತಟ್ಟೆ ಹೊತ್ತು, ಅದೇ ಹೆಸರನ್ನೂ ಅಂಟಿಸಿಕೊಂಡು, ಹೆಗಲು ಬಿದ್ದುಹೋಗಿದ್ದ ಪ್ಲೇಟಣ್ಣನಿಗೆ ಆ ಕೋಟಿನ ಮೇಲೆ ಪ್ರಾಣ.

ಬೆಳಿಗ್ಗೆ ಯಜಮಾನರು ಅವನ ಕೈಗೊಂದು ಬಾಟಲಿ ಕೊಟ್ಟರು. "ಇದು ಬಾರ್ಬೆರಾ ಅಂತ, ಇಟಲಿ ಕಡೆ ದ್ರಾಕ್ಷಿದು. ನಂಗೂ ಇದರ ತಲೆಬುಡ ಗೊತ್ತಿಲ್ಲ. ಯಾವುದರ ಜತೆ ಸರಿಹೋಗುತ್ತೆ ಅಂತ ಸಂಜೆಯೊಳಗೆ ಹೇಳು, ಕೋಟು ನಿಂದು."

ಪ್ಲೇಟಣ್ಣ ವೈನ್ ಸುರಿದವನೇ ಹೊರತು ಕುಡಿದವನಲ್ಲ. ಅಡುಗೆಮನೆಯ ಮೂಲೆಯಲ್ಲಿ ಕೂತು ಲೋಟಕ್ಕೆ ಬಗ್ಗಿಸಿದ. ಬಣ್ಣ ಶಾಯಿಯಷ್ಟು ಗಾಢ, ವಾಸನೆ ಚೆರಿ ಹಣ್ಣಿನದು. ಒಂದು ಗುಟುಕಿಗೆ ಕಣ್ಣು ತಾನಾಗಿ ಮುಚ್ಚಿಕೊಂಡಿತು.

"ಹುಳಿ ಕಣಯ್ಯಾ! ಆದ್ರೆ ಒಗರಿಲ್ಲ. ನಾಲಿಗೆ ಹಿಡ್ಕೊಳ್ಳಲ್ಲ."

"ನನ್ನ ಕರಿದ ಮೀನಿನ ಮುಂದೆ ಬರ್ಲಿ, ಒಂದೇ ಏಟಿಗೆ ಮಲಗುತ್ತೆ," ಎಂದ ಬಾಣಸಿಗ, ತನ್ನನ್ನೇ ಯಾರೋ ಕುಸ್ತಿಗೆ ಕರೆದಂತೆ.

ಮಲಗಲಿಲ್ಲ. ಮೀನಿನ ಜಿಡ್ಡನ್ನೆಲ್ಲ ತೊಳೆದು ಬಾಯಿಯನ್ನು ಹೊಸದು ಮಾಡಿತು.

"ಇನ್ನೊಂದು ತುಂಡು ಕೊಡು."

"ಈಗ್ತಾನೆ ತಿಂದ್ಯಲ್ಲೋ!"

"ಹೌದು. ಮತ್ತೆ ಹಸಿವಾಗ್ತಿದೆ. ವಿಚಿತ್ರ ನೋಡು."

ಮಾಂಸ ಬಂತು, ಟೊಮೇಟೊ ಸಾಸು ಬಂತು, ಚೀಸು ಬಂತು. ಹೊಸ ಸೊಸೆ ಮನೆಯವರಿಗೆಲ್ಲ ಹೊಂದಿಕೊಂಡ ಹಾಗೆ ಬಾರ್ಬೆರಾ ಎಲ್ಲದಕ್ಕೂ ಹೊಂದಿಕೊಂಡಿತು. ಇದರ ಗುಟ್ಟೇನು ಎಂಬ ಕುತೂಹಲದಲ್ಲಿ ಪ್ಲೇಟಣ್ಣ ಕೋಟನ್ನೇ ಮರೆತ. ಅಷ್ಟರಲ್ಲಿ ಗಲ್ಲಾದಲ್ಲಿ ಕೂರುವ ಅಕ್ಕ ತನ್ನ ಬುತ್ತಿ ತಂದಳು.

"ನಮ್ಮನೆಯವ್ರು ಸೀಯಿಸಿ ಹಾಕಿದ ಬದನೆಕಾಯಿ. ನಾಯೀನೂ ಮೂಸಿಲ್ಲ. ಇದಕ್ಕೆ ಸರಿಹೋದ್ರೆ ನಿನ್ನ ದ್ರಾಕ್ಷಿಗೆ ಅಡ್ಡಬೀಳ್ತೀನಿ."

ಅದಕ್ಕೂ ಸರಿಹೋಯಿತು. ಅಕ್ಕ ಮಾತಿಗೆ ತಪ್ಪದೆ ಅಡ್ಡಬಿದ್ದಳು. ಏಳುವಾಗ ಮೇಜಿಗೆ ತಲೆ ಬಡಿದು, ಲೋಟ ಉರುಳಿ, ಪ್ಲೇಟಣ್ಣನ ಬಿಳಿ ಅಂಗಿ ತುಂಬ ನೇರಳೆ ಬಣ್ಣ. ಎಷ್ಟು ಉಜ್ಜಿದರೂ ಹೋಗಲಿಲ್ಲ.

"ಕೋಟು ಹಾಕ್ಕೊಂಡ್ಮೇಲೆ ಯಾರಿಗೆ ಕಾಣುತ್ತೆ ಬಿಡು," ಎಂದು ಸಮಾಧಾನ ಹೇಳಿದಳು.

ಸಂಜೆ ಪ್ಲೇಟಣ್ಣ ಯಜಮಾನರ ಮುಂದೆ ಎದೆಯುಬ್ಬಿಸಿ ನಿಂತ. "ಹುಳಿ ಜಾಸ್ತಿ, ಒಗರು ಕಡಿಮೆ. ಜಿಡ್ಡು ತೆಗೆಯುತ್ತೆ, ಹಸಿವು ಹುಟ್ಟಿಸುತ್ತೆ. ಸೀದ ಬದನೆಕಾಯಿಗೂ ಸೈ! ಇದಕ್ಕೆ ಸರಿಹೋಗದ ಊಟಾನೇ ನಮ್ಮಲ್ಲಿಲ್ಲ ಯಜಮಾನ್ರೇ."

ಯಜಮಾನರು ಕುಡಿದು, ತಿಂದು, ತಲೆದೂಗಿದರು. "ಭಲೇ! ಎಷ್ಟು ಚೆನ್ನಾಗಿ ತಿಳ್ಕೊಂಡಿದೀಯ! ಎಲ್ಲಕ್ಕೂ ಇದೊಂದೇ ಸಾಕು ಅಂದ್ಮೇಲೆ ಸಲಹೆ ಹೇಳೋಕೆ ಮನುಷ್ಯ ಯಾಕೆ? ನೀನು ನಂಗೊಂದು ಸಂಬಳ ಉಳಿಸಿದೆ ಕಣಯ್ಯಾ."

ಕೋಟನ್ನು ಬಾಗಿಲ ಬಳಿ ಒಂದು ಕೋಲಿಗೆ ತೊಡಿಸಿ, ಕೊರಳಿಗೆ 'ಬಾರ್ಬೆರಾ: ಎಲ್ಲ ಊಟಕ್ಕೂ ಸರಿ' ಎಂಬ ಹಲಗೆ ತೂಗಿಸಿದರು. ಪ್ಲೇಟಣ್ಣನಿಗೆ ಅಳು ಬಂತು, ಆದರೆ ಅಳಲು ಪುರಸೊತ್ತೆಲ್ಲಿ? ಕುಡಿದವರಿಗೆಲ್ಲ ಹಸಿವು ಕೆರಳಿ, ತಿಂದವರೇ ಮತ್ತೆ ತಿನ್ನತೊಡಗಿದ್ದರು. ಎಂದಿನ ಎರಡರಷ್ಟು ತಟ್ಟೆಗಳು ಅವನ ಹೆಗಲೇರಿದವು.

ಕಿಟಕಿ ಪಕ್ಕದ ಮೇಜಿನ ಅಜ್ಜಿಯೊಬ್ಬರು ಬಾಟಲಿ ತಿರುಗಿಸಿ ನೋಡುತ್ತ ಕೇಳಿದರು. "ಇದರ ಜತೆಗೆ ಏನು ಚೆನ್ನಾಗಿರುತ್ತಪ್ಪಾ?"

"ಉಪವಾಸ, ತಾಯೀ," ಎಂದ ಪ್ಲೇಟಣ್ಣ.